ಗುಜರಿಗೆ ಹಾಕುವ ಮುಂಚೆ ಆ ಪ್ಯಾನೆಲ್‌ಗಳನ್ನು ಒಂದು ಸಲ ತೊಳೆದು ನೋಡಿ: ನಮ್ಮ ಗ್ರಾಮ ಪಂಚಾಯಿತಿಗೆ ಬಹಿರಂಗ ಪತ್ರ

ಅಧ್ಯಕ್ಷರಾದ ಅಕ್ಕನವರಿಗೆ, ಪಿಡಿಓ ಸಾಹೇಬರಿಗೆ, ಸದಸ್ಯರೆಲ್ಲರಿಗೆ, ಮತ್ತೆ ನಮ್ಮ ಪಂಚಾಯಿತಿಯ ಏಳೂ ಹಳ್ಳಿಯ ಜನಕ್ಕೆ ನಮಸ್ಕಾರ.

ನಾನು ಬಸ್ ಸ್ಟ್ಯಾಂಡ್ ಪಕ್ಕದ ಮೋಟರ್ ರಿವೈಂಡಿಂಗ್ ಅಂಗಡಿಯವನು. ಹೆಸರು ಹೇಳಬೇಕಾಗಿಲ್ಲ, ಬೋರ್‌ವೆಲ್ ಮೋಟರ್ ಸುಟ್ಟಾಗ ರಾತ್ರಿ ಹನ್ನೊಂದಕ್ಕೂ ನನ್ನ ಮನೆ ಬಾಗಿಲು ತಟ್ಟಿದವರೇ ನೀವೆಲ್ಲ. ಪತ್ರ ಗಿತ್ರ ಬರೆದು ಅಭ್ಯಾಸವಿಲ್ಲ. ಆದರೆ ಕಳೆದ ವಾರ ಪಂಚಾಯಿತಿ ಆಫೀಸಿನ ಗೋಡೆಗೆ ಅಂಟಿಸಿದ ಹರಾಜಿನ ನೋಟಿಸ್ ನೋಡಿದೆ. ಹಳೇ ಜಿಐ ಪೈಪು, ಕಾಲು ಮುರಿದ ಕುರ್ಚಿ, ತುಕ್ಕು ಹಿಡಿದ ಕಸದ ಗಾಡಿ, ಇವುಗಳ ಸಾಲಿನಲ್ಲೇ "ಕೆಟ್ಟುಹೋದ ಸೋಲಾರ್ ಬೀದಿ ದೀಪ, 22 ಸೆಟ್" ಅಂತ ಬರೆದಿದೆ. ಓದಿ ಹೊಟ್ಟೆ ಉರಿಯಿತು.

ನನ್ನ ತಕರಾರು ಒಂದೇ ಪದದ ಮೇಲೆ. "ಕೆಟ್ಟುಹೋದ" ಅಂದಿದ್ದೀರಲ್ಲ, ಏನು ಕೆಟ್ಟಿದೆ ಅಂತ ಯಾರಾದರೂ ನೋಡಿದ್ದೀರಾ?

ನಾನು ನೋಡಿದೆ. ಆಂಜನೇಯನ ಗುಡಿ ಮುಂದಿನ ಕಂಬ ಟ್ರಾಕ್ಟರ್ ಟ್ರೇಲರ್ ತಾಗಿ ವಾಲಿತ್ತು, ನೆನಪಿದೆಯಾ? "ಇಳಿಸಿ ನಿನ್ನ ಅಂಗಡೀಲೇ ಇಟ್ಟಿರಪ್ಪ" ಅಂತ ಪಿಡಿಓ ಸಾಹೇಬರು ಹೇಳಿದ್ದರು. ಅದರ ಪ್ಯಾನೆಲ್ ಅಂಗಡಿ ಮೂಲೆಯಲ್ಲಿ ಗೋಣಿಚೀಲದ ಕೆಳಗೆ ಬಿದ್ದಿತ್ತು. ನೋಟಿಸ್ ಓದಿದ ಮಾರನೇ ದಿನ ಬೆಳಿಗ್ಗೆ ಹನ್ನೊಂದರ ಬಿಸಿಲಿಗೆ ಅದನ್ನು ಗೋಡೆಗೆ ಒರಗಿಸಿ ಮಲ್ಟಿಮೀಟರ್ ಹಿಡಿದೆ. 20 ವೋಲ್ಟ್ ತೋರಿಸಿತು. ಆಂಪಿಯರ್ 2.8. ಮೇಲೆಲ್ಲ ಹತ್ತು ವರ್ಷದ ಧೂಳು, ಪಾರಿವಾಳದ ಹಿಕ್ಕೆ ಒಣಗಿ ಗಾರೆ ಹಾಗೆ ಗಟ್ಟಿಯಾಗಿತ್ತು. ಒಂದು ಬಕೆಟ್ ನೀರು, ಒಂದು ಹಳೇ ಬನಿಯನ್, ಕಾಲು ಗಂಟೆ ಕೆಲಸ. ಮತ್ತೆ ಮೀಟರ್ ಹಿಡಿದರೆ 3.6 ಆಂಪಿಯರ್. ಹೊಸದಾಗಿದ್ದಾಗಲೂ ಆ ಹೊತ್ತಿನ ಬಿಸಿಲಿಗೆ ಇದಕ್ಕಿಂತ ಬಹಳ ಜಾಸ್ತಿ ಏನೂ ಕೊಡುತ್ತಿರಲಿಲ್ಲ. ಪ್ಯಾನೆಲ್ ಕೆಟ್ಟಿಲ್ಲ ಅಕ್ಕ. ಗಟ್ಟಿಮುಟ್ಟಾಗಿದೆ.

ಹಾಗಾದರೆ ದೀಪ ಯಾಕೆ ಉರಿಯಲ್ಲ ಅಂತೀರಿ. ಒಂದು ಸೋಲಾರ್ ಕಂಬದಲ್ಲಿ ನಾಲ್ಕು ಸಾಮಾನು ಇರುತ್ತವೆ. ಮೇಲೆ ಪ್ಯಾನೆಲ್, ಡಬ್ಬಿಯೊಳಗೆ ಬ್ಯಾಟರಿ, ಅವೆರಡರ ನಡುವೆ ಲೆಕ್ಕ ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್, ಆಮೇಲೆ ದೀಪ. ನಮ್ಮವು ಆ ಕಾಲದ ಸರ್ಕಾರಿ ಅಳತೆಯವು: 74 ವ್ಯಾಟ್ ಪ್ಯಾನೆಲ್, 12 ವೋಲ್ಟಿನ 75 ಆಂಪಿಯರ್-ಅವರ್ ಬ್ಯಾಟರಿ, 11 ವ್ಯಾಟಿನ ಸಿಎಫ್‌ಎಲ್. ಇದರಲ್ಲಿ ಬ್ಯಾಟರಿ ಸೀಸ ಮತ್ತು ಆಸಿಡ್‌ನದು. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ ಬಾಳಿಕೆ. ನೋಡಿಕೊಳ್ಳದಿದ್ದರೆ ಎರಡೇ ವರ್ಷ. ನಾವು ಹೇಗೆ ನೋಡಿಕೊಂಡೆವು ಅಂತ ಬಿಡಿಸಿ ಹೇಳಬೇಕೇ? ಡಿಸ್ಟಿಲ್ಡ್ ವಾಟರ್ ಒಂದು ಸಲವೂ ಹಾಕಲಿಲ್ಲ. ಒಂದು ಹಳ್ಳಿಯಲ್ಲಂತೂ ಯಾರೋ ಪುಣ್ಯಾತ್ಮರು ಬೋರ್‌ವೆಲ್ ನೀರನ್ನೇ ತುಂಬಿಸಿದ್ದರು. ನಮ್ಮ ಕಡೆ ನೀರಿನ ಗಡಸುತನ ಗೊತ್ತಲ್ಲ, ಪಾತ್ರೆ ತಳದಲ್ಲಿ ಸುಣ್ಣ ಕಟ್ಟುತ್ತದೆ. ಬ್ಯಾಟರಿಗೆ ಅದು ವಿಷ. ಇನ್ನು ಐದಾರು ಡಬ್ಬಿಗಳಲ್ಲಿ ಬ್ಯಾಟರಿಯೇ ಇಲ್ಲ, ಕದ್ದು ಮಾರಿಕೊಂಡಿದ್ದಾರೆ.

ಅಂದರೆ ಬ್ಯಾಟರಿ ಸತ್ತಿತು, ದೀಪ ಆರಿತು, ನಾವು ಕತ್ತೆತ್ತಿ ಮೇಲೆ ನೋಡಿ "ಸೋಲಾರ್ ಎಲ್ಲಾ ವೇಸ್ಟು" ಅಂದುಬಿಟ್ಟೆವು. ಪಂಪ್‌ಸೆಟ್ ಸ್ಟಾರ್ಟರ್ ಸುಟ್ಟಿದ್ದಕ್ಕೆ ಬಾವಿಯನ್ನೇ ಮುಚ್ಚಿದ ಹಾಗಾಯಿತು ಇದು.

ಇದು ನಮ್ಮೂರಲ್ಲೇ ಮೊದಲು ಆಗಿದ್ದೇನೂ ಅಲ್ಲ. 1958ರ ಮಾರ್ಚ್‌ನಲ್ಲಿ ಅಮೆರಿಕದವರು ವ್ಯಾನ್‌ಗಾರ್ಡ್-1 ಅಂತ ಒಂದು ಉಪಗ್ರಹ ಹಾರಿಸಿದರು. ಒಂದೂವರೆ ಕಿಲೋ ತೂಕದ ಸಣ್ಣ ಗುಂಡು. ಅದರಲ್ಲಿ ಎರಡು ರೇಡಿಯೋ ಟ್ರಾನ್ಸ್‌ಮಿಟರ್ ಇದ್ದವು, ಒಂದು ಬ್ಯಾಟರಿಯಿಂದ ನಡೆಯುವುದು, ಇನ್ನೊಂದು ಮೈಮೇಲೆ ಅಂಟಿಸಿದ ಸೋಲಾರ್ ಸೆಲ್‌ಗಳಿಂದ ನಡೆಯುವುದು. ಬ್ಯಾಟರಿಯದು ಅದೇ ವರ್ಷ ಜೂನ್‌ಗೆ ಮುಗಿಯಿತು. ಸೋಲಾರ್‌ನದು 1964ರವರೆಗೆ ಸದ್ದು ಮಾಡುತ್ತಲೇ ಇತ್ತು. ಆರು ವರ್ಷ, ಒಬ್ಬರೂ ಕೈ ಹಾಕದೆ. ನಮ್ಮ ಗುಡಿ ಮುಂದಿನ ಕಂಬದ ಕಥೆಯೂ ಇದೇ ಅಲ್ವಾ? ಅಷ್ಟು ದೂರ ಯಾಕೆ, ಬೆಂಗಳೂರಿನ ಪೀಣ್ಯದ ಶೆಡ್‌ಗಳಲ್ಲಿ ಕಟ್ಟಿ 1975ರಲ್ಲಿ ಹಾರಿಸಿದ ನಮ್ಮ ಆರ್ಯಭಟದ ಮೈ ತುಂಬ ಇದ್ದದ್ದೂ ಸೋಲಾರ್ ಸೆಲ್ಲೇ.

ಈಗ ಆ ಪ್ಯಾನೆಲ್ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಅದು ಗೊತ್ತಾದರೆ ಗುಜರಿಗೆ ಹಾಕಲು ನಿಮಗೇ ಮನಸ್ಸು ಬರಲ್ಲ.

ಹತ್ತಿರ ಹೋಗಿ ನೋಡಿ, ಗಾಜಿನ ಕೆಳಗೆ ಚೌಕ ಚೌಕ ಕಾಣುತ್ತವೆ. 36 ಇವೆ, ಎಣಿಸಿದ್ದೇನೆ. ಒಂದೊಂದೂ ಒಂದು ಸೆಲ್. ಸಿಲಿಕಾನ್‌ನ ತೆಳ್ಳನೆ ಬಿಲ್ಲೆ ಅದು. ಹಪ್ಪಳಕ್ಕಿಂತ ತೆಳು, ಹಪ್ಪಳದ ಹಾಗೇ ಪಟ್ ಅಂತ ಮುರಿಯುತ್ತದೆ ಕೂಡ, ಅದಕ್ಕೇ ಮೇಲೆ ದಪ್ಪ ಗಾಜು. ಸಿಲಿಕಾನ್ ಎಲ್ಲಿಂದ ಬಂತು ಅಂದರೆ, ನಮ್ಮ ಹೊಲದಲ್ಲಿ ನೇಗಿಲಿಗೆ ತಾಗಿ ಕಿಡಿ ಹಾರುತ್ತಲ್ಲ, ಆ ಬೆಣಚು ಕಲ್ಲಿನ ಜಾತಿಯಿಂದ. ಕರಗಿಸಿ, ಮತ್ತೆ ಮತ್ತೆ ಶುದ್ಧ ಮಾಡಿ, ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾರೆ.

ಸಿಲಿಕಾನ್ ಪರಮಾಣುವಿಗೆ ನಾಲ್ಕು ಕೈ ಅಂತ ಇಟ್ಟುಕೊಳ್ಳಿ. ಅಕ್ಕಪಕ್ಕದ ನಾಲ್ವರ ಕೈ ಹಿಡಿದು ಕೂತಿರುತ್ತದೆ. ಎಲೆಕ್ಟ್ರಾನ್‌ಗಳು ಆ ಹಿಡಿತದಲ್ಲೇ ಸಿಕ್ಕಿಕೊಂಡಿರುತ್ತವೆ, ಓಡಾಡಲ್ಲ. ಬಿಸಿಲು ಬಿದ್ದಾಗ ಬೆಳಕಿನ ಕಣ ಬಂದು ಎಲೆಕ್ಟ್ರಾನಿಗೆ ಒಂದು ಒದೆ ಕೊಡುತ್ತದೆ. ಒಂದು ಕಣಕ್ಕೆ ಒಂದು ಎಲೆಕ್ಟ್ರಾನ್. ಅದು ಹಿಡಿತ ಬಿಡಿಸಿಕೊಂಡು ಹಾರುತ್ತದೆ, ಬಾಣಲೆಯಲ್ಲಿ ಜೋಳ ಹುರಿದಾಗ ಅರಳು ಸಿಡಿಯುವ ಹಾಗೆ. ಆದರೆ ಸಿಡಿದ ಅರಳು ತಿರುಗಿ ಅದೇ ಬಾಣಲೆಗೆ ಬಿದ್ದರೆ ಬಂದ ಭಾಗ್ಯ ಏನು? ಬರೀ ಸಿಲಿಕಾನನ್ನು ಬಿಸಿಲಿಗೆ ಇಟ್ಟರೆ ಆಗುವುದು ಅಷ್ಟೇ. ಹಾರಿದ ಎಲೆಕ್ಟ್ರಾನ್ ಯಾವುದಾದರೂ ಖಾಲಿ ಜಾಗಕ್ಕೆ ವಾಪಸ್ ಬಿದ್ದು, ಕಲ್ಲು ಬಿಸಿಯಾಗಿ ಕೂರುತ್ತದೆ.

ಜಾಣತನ ಇರುವುದು ಮುಂದೆ. ಬಿಲ್ಲೆಯ ಒಂದು ಮುಖಕ್ಕೆ ಚೂರೇ ಚೂರು ರಂಜಕ ಬೆರೆಸುತ್ತಾರೆ. ರಂಜಕಕ್ಕೆ ಐದು ಕೈ, ಹಿಡಿಯಲು ಯಾರೂ ಇಲ್ಲದೆ ಒಂದು ಎಲೆಕ್ಟ್ರಾನ್ ಜಾಸ್ತಿ ಉಳಿಯುತ್ತದೆ. ಇನ್ನೊಂದು ಕಡೆ ಬೋರಾನ್ ಬೆರೆಸಿರುತ್ತಾರೆ. ಅದಕ್ಕೆ ಮೂರೇ ಕೈ, ಅಲ್ಲಿ ಒಂದು ಕಮ್ಮಿ. ಇವೆರಡೂ ಸೇರುವ ಗಡಿಯಲ್ಲಿ ಜಾಸ್ತಿ ಇದ್ದ ಕಡೆಯಿಂದ ಕಮ್ಮಿ ಇದ್ದ ಕಡೆಗೆ ಒಂದಿಷ್ಟು ಎಲೆಕ್ಟ್ರಾನ್ ದಾಟಿಕೊಳ್ಳುತ್ತವೆ, ದಾಟಿ ದಾಟಿ ಕೊನೆಗೆ ಅಲ್ಲೊಂದು ತಡೆ ಎದ್ದು ನಿಲ್ಲುತ್ತದೆ. ಒಂದೇ ಕಡೆಗೆ ಇಳಿಜಾರು ಇರುವ ಬದು ಅಂದುಕೊಳ್ಳಿ. ಬೆಳಕಿನ ಒದೆ ತಿಂದು ಹಾರಿದ ಎಲೆಕ್ಟ್ರಾನ್ ಆ ಬದುವಿನ ಹತ್ತಿರ ಬಂದರೆ ರಂಜಕದ ಕಡೆಗೆ ಜಾರುತ್ತದೆ, ತಿರುಗಿ ಹತ್ತಲು ಆಗಲ್ಲ. ಹಾಗೆ ಜಾರಿ ಬಂದು ಕೂಡಿಬಿದ್ದವಕ್ಕೆ ಮನೆಗೆ ಹೋಗಲು ಉಳಿದ ದಾರಿ ಒಂದೇ: ಗಾಜಿನ ಕೆಳಗೆ ಕಾಣುವ ಬೆಳ್ಳಿಯ ಸಣ್ಣ ಗೆರೆ ಹತ್ತಿ, ತಂತಿ ಹಿಡಿದು, ನಮ್ಮ ಬಲ್ಬಿನೊಳಗೆ ಹಾದು, ಸುತ್ತು ಹಾಕಿಕೊಂಡು ಹಿಂದಿನ ಮುಖಕ್ಕೆ. ಆ ಸುತ್ತಾಟವೇ ಕರೆಂಟ್.

ಇಷ್ಟೇ. ಒಳಗೆ ತಿರುಗುವ ಸಾಮಾನಿಲ್ಲ. ಬೇರಿಂಗ್ ಇಲ್ಲ, ಬುಷ್ ಇಲ್ಲ, ಸುಡುವ ವೈಂಡಿಂಗ್ ಇಲ್ಲ, ಎಣ್ಣೆ ಇಲ್ಲ, ಹೊಗೆ ಇಲ್ಲ. ತಿರುಗುವ ಯಂತ್ರ ಸುಟ್ಟರೆ ನನ್ನ ಹೊಟ್ಟೆಪಾಡು ನಡೆಯುತ್ತದೆ, ಇದರಲ್ಲಿ ನನಗೆ ದುಡಿಮೆಯೇ ಇಲ್ಲ ನೋಡಿ, ಆದರೂ ಹೊಗಳುತ್ತಿದ್ದೇನೆ. ಕಂಪನಿಯವರು 25 ವರ್ಷ ಗ್ಯಾರಂಟಿ ಬರೆದುಕೊಡುವುದು ಇದೇ ಕಾರಣಕ್ಕೆ. ಅಷ್ಟು ವರ್ಷ ಆದ ಮೇಲೂ ಹೊಸದರಲ್ಲಿ ಕೊಡುತ್ತಿದ್ದುದರ ಶೇಕಡಾ 80ರಷ್ಟು ಕೊಡಬೇಕು ಅನ್ನುವ ಲೆಕ್ಕ. ನಮ್ಮವಕ್ಕೆ ಅರ್ಧ ಆಯುಸ್ಸೂ ಮುಗಿದಿಲ್ಲ.

ಇನ್ನು ಆ ಮೀಟರ್ ಲೆಕ್ಕ. ತೊಳೆಯುವ ಮುಂಚೆಯೂ 20 ವೋಲ್ಟ್, ತೊಳೆದ ಮೇಲೂ ಹತ್ತಿರ ಹತ್ತಿರ ಅಷ್ಟೇ. ಏರಿದ್ದು ಆಂಪಿಯರ್ ಮಾತ್ರ. ಒಂದು ಸೆಲ್ಲಿನ ವೋಲ್ಟೇಜ್ ಸುಮಾರು 0.6, ಅದು ಬದುವಿನ ಎತ್ತರ ಇದ್ದ ಹಾಗೆ. ಬಿಸಿಲು ಸ್ವಲ್ಪ ಜಾಸ್ತಿ ಕಮ್ಮಿ ಆದರೆ ಅದು ಅಷ್ಟಾಗಿ ಬದಲಾಗಲ್ಲ. 36 ಸೆಲ್ ಸಾಲಾಗಿ ಜೋಡಿಸಿದರೆ 20 ವೋಲ್ಟ್ ಚಿಲ್ಲರೆ. ಆಂಪಿಯರ್ ಅಂದರೆ ಎಷ್ಟು ಎಲೆಕ್ಟ್ರಾನ್ ಹಾರಿದವು ಅನ್ನುವ ಲೆಕ್ಕ, ಅದು ನೇರ ಬೆಳಕಿನ ಮೇಲೆ ನಿಂತಿದೆ. ಧೂಳು ಕೂತರೆ ಬೆಳಕು ಕಮ್ಮಿ, ಬೆಳಕು ಕಮ್ಮಿಯಾದರೆ ಆಂಪಿಯರ್ ಕಮ್ಮಿ. ಅದಕ್ಕೇ ಬರೀ ವೋಲ್ಟೇಜ್ ನೋಡಿ "ಪ್ಯಾನೆಲ್ ಚೆನ್ನಾಗಿದೆ, ತೊಳೆಯೋದು ಬೇಡ" ಅನ್ನುವವರ ಮಾತು ನಂಬಬೇಡಿ. ವೋಲ್ಟೇಜ್ ನೋಡಿ ಮೋಸ ಹೋಗುವುದು ಮೋಟರ್ ಕೆಲಸದಲ್ಲೂ ಇದೆ.

ನೆರಳಿನ ವಿಷಯ ಇನ್ನೂ ಮೋಜಿನದು. ಕಣದಲ್ಲಿ ಮೂಟೆಗಳನ್ನು ಕೈಯಿಂದ ಕೈಗೆ ದಾಟಿಸಲು ಮೂವತ್ತಾರು ಜನ ಸಾಲಾಗಿ ನಿಂತಿದ್ದಾರೆ ಅಂದುಕೊಳ್ಳಿ. ಅದರಲ್ಲಿ ಒಬ್ಬ ಸೋಮಾರಿ ಇದ್ದರೆ ಇಡೀ ಸಾಲು ಅವನ ವೇಗಕ್ಕೇ ಇಳಿಯುತ್ತದೆ. ಸೆಲ್‌ಗಳೂ ಹಾಗೇ. ಒಂದೆರಡು ಸೆಲ್ ಮೇಲೆ ಬೇವಿನ ಕೊಂಬೆಯ ನೆರಳು ಬಿದ್ದರೆ ಅರ್ಧ ಪ್ಯಾನೆಲ್ ಮಲಗಿತು ಅಂತಲೇ ಲೆಕ್ಕ. ಪ್ಯಾನೆಲ್‌ಗಳಲ್ಲಿ ಇದಕ್ಕೆ ಪಕ್ಕದ ದಾರಿ ಬಿಡುವ ಡಯೋಡ್ ಹಾಕಿ ನಷ್ಟ ಕಮ್ಮಿ ಮಾಡಿದ್ದಾರೆ, ಆದರೂ ನೆರಳು ನೆರಳೇ. ನಮ್ಮ 22 ಕಂಬಗಳಲ್ಲಿ ಶಾಲೆ ಹತ್ತಿರದ ಎರಡು ಮತ್ತೆ ಕೆರೆ ಏರಿ ಮೇಲಿನ ಒಂದು ಈಗ ಹೊಂಗೆ ಮರದೊಳಗೇ ಮುಳುಗಿವೆ. ಕಂಬ ನೆಟ್ಟಾಗ ಆ ಗಿಡಗಳು ಮೊಣಕಾಲುದ್ದ ಇದ್ದವು. ಮರ ಕಡಿಯಬೇಡಿ ದಯವಿಟ್ಟು. ಕಂಬ ಜರುಗಿಸಿ.

ಇನ್ನೊಂದು ಮಾತು. ಬಹಳ ಜನಕ್ಕೆ ಸೋಲಾರ್ ಅಂದರೆ ಬಿಸಿ ಅಂತ ತಲೆಯಲ್ಲಿ ಕೂತಿದೆ. ಅದು ತಾರಸಿ ಮೇಲೆ ನೀರು ಕಾಯಿಸುವ ಸೋಲಾರ್, ಬೇರೆ ಜಾತಿ. ಕರೆಂಟ್ ಮಾಡುವ ಪ್ಯಾನೆಲ್‌ಗೆ ಬೇಕಿರುವುದು ಬೆಳಕು. ಬಿಸಿ ಅದಕ್ಕೆ ಆಗಿಬರಲ್ಲ. ಪ್ಯಾನೆಲ್ ಹಿಂದೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಪ್ಯಾನೆಲ್ ಮೈ 60 ಡಿಗ್ರಿ ದಾಟುತ್ತದೆ, ಕೈ ಇಟ್ಟರೆ ಚುರ್ ಅನ್ನುತ್ತದೆ. ಒಂದೊಂದು ಡಿಗ್ರಿ ಏರಿದಂತೆ ಶೇಕಡಾ 0.3ರಿಂದ 0.4ರಷ್ಟು ಕಳೆದುಕೊಳ್ಳುತ್ತಾ ಹೋಗುತ್ತದೆ. ಲೆಕ್ಕ ಹಾಕಿದರೆ ಕಡು ಬೇಸಿಗೆಯ ಮಧ್ಯಾಹ್ನ ನೂರಕ್ಕೆ ಹತ್ತರಿಂದ ಹದಿನಾಲ್ಕು ಬಿಸಿಗೇ ಹೋಯಿತು. ಸಂಕ್ರಾಂತಿ ಕಳೆದ ಮೇಲಿನ ಆ ತಂಪು ಗಾಳಿ, ನೀಟಾದ ಬಿಸಿಲು ಇರುತ್ತಲ್ಲ, ಅದು ಪ್ಯಾನೆಲ್‌ಗೆ ಹಬ್ಬ.

ಬಿದ್ದ ಬೆಳಕೆಲ್ಲ ಕರೆಂಟ್ ಆಗುತ್ತದೆಯೇ ಅಂದರೆ ಇಲ್ಲ. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್‌ನಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಅನ್ನುವ ಮೂವರು ಮೊದಲ ಕೆಲಸಕ್ಕೆ ಬರುವ ಸಿಲಿಕಾನ್ ಸೆಲ್ ಮಾಡಿ ತೋರಿಸಿದಾಗ ನೂರಕ್ಕೆ ಆರು ಭಾಗ ಸಿಕ್ಕಿತ್ತು. ಈಗ ಅಂಗಡಿಯಲ್ಲಿ ಸಿಗುವ ಒಳ್ಳೆ ಪ್ಯಾನೆಲ್ 20ರಿಂದ 22 ಭಾಗ ಕೊಡುತ್ತದೆ. ಉಳಿದದ್ದು? ಕೆಲವು ಕಣಗಳಿಗೆ ಎಲೆಕ್ಟ್ರಾನ್ ಬಿಡಿಸುವಷ್ಟು ಕಸುವೇ ಇರಲ್ಲ, ಸುಮ್ನೆ ಹಾದುಹೋಗುತ್ತವೆ. ಇನ್ನು ಕೆಲವಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕಸುವು, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. "ಐದರಲ್ಲಿ ಒಂದೇ ಪಾಲಾ?" ಅಂತ ಮೂಗು ಮುರಿಯಬೇಡಿ. ಬಿಸಿಲಿಗೆ ನಾವು ಕಾಸು ಕೊಟ್ಟಿಲ್ಲವಲ್ಲ.

ಸರಿ, ನಮ್ಮ ಕಂಬಕ್ಕೆ ವಾಪಸ್ ಬರೋಣ. ಆ 74 ವ್ಯಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ದಿನಕ್ಕೆ, ಎಲ್ಲ ಸೋರಿಕೆ ಕಳೆದು, ಹೆಚ್ಚು ಕಮ್ಮಿ ಕಾಲು ಯೂನಿಟ್ ಕರೆಂಟ್ ಕೊಡುತ್ತದೆ. ಅಂದರೆ 250 ವ್ಯಾಟ್-ಅವರ್. ಈಗ 12 ವ್ಯಾಟಿನ ಎಲ್‌ಇಡಿ ಹಾಕಿದರೆ ಹಳೇ ಸಿಎಫ್‌ಎಲ್‌ಗಿಂತ ಎಷ್ಟೋ ಚೆನ್ನಾಗಿ ಬೀದಿ ಬೆಳಗುತ್ತದೆ, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಉರಿದರೂ 144 ವ್ಯಾಟ್-ಅವರ್ ಸಾಕು. ಇನ್ನೂ ಉಳಿಯಿತು, ಮೋಡದ ದಿನಕ್ಕೆ ಕೂಡಿಡಬಹುದು. ಪ್ಯಾನೆಲ್ ಹಾಕಿದ ಕಾಲಕ್ಕೆ ದೀಪ ದುಬಾರಿ, ಬ್ಯಾಟರಿ ಮೊಂಡು. ಈಗ ದೀಪ ಅಗ್ಗ ಆಗಿದೆ, ನೀರು ಹಾಕುವ ರಗಳೆ ಇಲ್ಲದ, ಜಾಸ್ತಿ ವರ್ಷ ಬಾಳುವ ಲಿಥಿಯಂ ಬ್ಯಾಟರಿ ಬಂದಿದೆ. ಬ್ಯಾಟರಿಯನ್ನು ಕೆಳಗೆ ಕೈಗೆಟುಕುವ ಡಬ್ಬಿಯಲ್ಲಿಡದೆ ಕಂಬದ ತುದಿಯಲ್ಲೇ ಕೂರಿಸಬಹುದು, ಕಳ್ಳತನವೂ ಕಷ್ಟ. ಕಂಬ ನಮ್ಮದೇ, ಪ್ಯಾನೆಲ್ ನಮ್ಮದೇ. ಮೂರು ಸಾಮಾನು ಬದಲಿಸಿದರೆ ಮುಗಿಯಿತು. ಹೊಸ ಸೆಟ್‌ಗೆ ಟೆಂಡರ್ ಕರೆಯುವ ಅಗತ್ಯವೇ ಇಲ್ಲ. ಇದು ಕೆಲವರಿಗೆ ಬೇಜಾರಾಗಬಹುದು, ನಾನು ಯಾರ ಹೆಸರೂ ಹೇಳುತ್ತಿಲ್ಲ.

ತಪ್ಪು ಬರೀ ಪಂಚಾಯಿತಿಯದು ಅಂತಲೂ ಹೇಳಲ್ಲ. ಕಂಬ ನೆಟ್ಟವರು ಐದು ವರ್ಷ ನೋಡಿಕೊಳ್ಳುತ್ತೇವೆ ಅಂತ ಬರೆದುಕೊಟ್ಟಿದ್ದರು, ಮೊದಲ ವರ್ಷ ಒಂದು ಸಲ ಬಂದರು, ಆಮೇಲೆ ಫೋನ್ ತೆಗೆಯಲಿಲ್ಲ. ನಾವಾದರೂ ಎಷ್ಟು ಸಲ ಫೋನ್ ಮಾಡಿದೆವು? ನನ್ನ ಅಂಗಡಿ ಎದುರಿಗಿನ ದೀಪ ಆರಿದಾಗ ನಾನೂ ಒಂದು ವರ್ಷ ನೋಡಿಕೊಂಡು ಸುಮ್ನೆ ಕೂತಿದ್ದೆ. ಏಣಿ ನನ್ನದೇ ಇತ್ತು, ಮೀಟರ್ ನನ್ನದೇ ಇತ್ತು. ಸರ್ಕಾರದ ಸಾಮಾನು, ನಮಗ್ಯಾಕೆ ಅನ್ನುವ ರೋಗ ನನಗೂ ಇದೆ. ಬೆಂಗಳೂರಿನ ಸೆಲ್ಕೋ ಕಂಪನಿಯವರು, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತಲ್ಲ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಹರೀಶ್ ಹಂದೆ ಅವರಿಗೆ, ಅವರು 1995ರಿಂದ ಹಳ್ಳಿ ಮನೆಗಳಿಗೆ ಸೋಲಾರ್ ದೀಪ ಹಾಕುತ್ತಾ ಬಂದಿದ್ದಾರೆ. ಅವರು ಹಿಡಿದ ದಾರಿಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ: ದೀಪ ಮಾರಿ ಕೈ ತೊಳೆದುಕೊಳ್ಳಲಿಲ್ಲ. ಹತ್ತಿರದ ಊರಲ್ಲೇ ರಿಪೇರಿಗೆ ಜನ ಇಟ್ಟರು, ಬ್ಯಾಂಕಿನಿಂದ ಸಾಲಕ್ಕೂ ದಾರಿ ಮಾಡಿಸಿದರು. ಸೋಲಾರ್ ನಿಲ್ಲುವುದು ಬೀಳುವುದು ಇಂಥದರ ಮೇಲೆ.

ಈಗ ದೊಡ್ಡ ಮಾತಿಗೆ ಬರುತ್ತೇನೆ. ನಮ್ಮೂರಿಂದ ಬೈಕಿನಲ್ಲಿ ಒಂದೂವರೆ ಗಂಟೆ ಹೋದರೆ ಪಾವಗಡದ ಸೋಲಾರ್ ಪಾರ್ಕ್. ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ನೋಡಿಲ್ಲದವರು ಒಂದು ಸಲ ಹೋಗಿ ನೋಡಿ, ಕಡಲೆಕಾಯಿ ಹೊಲಗಳಿದ್ದ ಕಡೆ ಕಣ್ಣು ಹಾಯುವವರೆಗೂ ನೀಲಿ. ರೈತರಿಂದ ಜಮೀನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ನಂಬಿ ಕೆಟ್ಟಿದ್ದ ಜಮೀನಿಗೆ ಅದು ಸಣ್ಣ ದುಡ್ಡಲ್ಲ ಅಂತ ಅಲ್ಲಿಯ ನನ್ನ ನೆಂಟರೊಬ್ಬರು ಹೇಳುತ್ತಾರೆ. ಆದರೆ ಜಮೀನೇ ಇಲ್ಲದ ಕೂಲಿಯವರಿಗೆ ಗುತ್ತಿಗೆ ದುಡ್ಡೂ ಇಲ್ಲ, ಹೊಲದ ಕೂಲಿಯೂ ಹೋಯಿತು ಅಂತಲೂ ಅವರೇ ಹೇಳುತ್ತಾರೆ. ಎರಡೂ ನಿಜ. ಅದಿರಲಿ. ಇಡೀ ರಾಜ್ಯಕ್ಕೆ ಬಿಸಿಲಿನ ಕರೆಂಟ್ ಕೊಡುವ ಜಿಲ್ಲೆಯಲ್ಲಿ ಕೂತು ನಾವು 22 ದೀಪ ಉರಿಸಲಾಗದೆ ಗುಜರಿಗೆ ಹಾಕುತ್ತಿದ್ದೇವೆ ಅನ್ನುವುದು ನನಗೆ ನಾಚಿಕೆ.

ಬೀದಿ ದೀಪಕ್ಕಿಂತ ದೊಡ್ಡ ಖರ್ಚು ನಮ್ಮ ಪಂಚಾಯಿತಿಗೆ ಕುಡಿಯುವ ನೀರಿನ ಮೋಟರ್‌ಗಳದು. ಕರೆಂಟ್ ಬಿಲ್ ಬಾಕಿ ಬಗ್ಗೆ ಪ್ರತಿ ಸಭೆಯಲ್ಲೂ ಕೂಗಾಟ ಆಗುತ್ತದೆ, ನನಗೂ ಕೇಳಿಸುತ್ತದೆ, ಅಂಗಡಿ ಪಕ್ಕದಲ್ಲೇ ಇದೆಯಲ್ಲ. ಮನೆಗಳಿಗೆ 200 ಯೂನಿಟ್‌ವರೆಗೆ ಗೃಹಜ್ಯೋತಿ ಇದೆ, ಪಂಚಾಯಿತಿ ಮೋಟರ್‌ಗೆ ಅದಿಲ್ಲ. ಇಲ್ಲಿ ಸೋಲಾರ್ ಹಾಕಿದರೆ ಬ್ಯಾಟರಿಯ ತಲೆನೋವೇ ಇಲ್ಲ. ಯಾಕೆ ಗೊತ್ತಾ? ಓವರ್‌ಹೆಡ್ ಟ್ಯಾಂಕೇ ಬ್ಯಾಟರಿ. ಹಗಲು ಬಿಸಿಲಿನಲ್ಲಿ ನೀರು ಮೇಲೆ ಹತ್ತಿಸಿಬಿಡಿ, ಸಂಜೆ ಬೆಳಿಗ್ಗೆ ನಲ್ಲಿಗೆ ಬಿಡಿ. 5 ಎಚ್‌ಪಿ ಮೋಟರ್‌ಗೆ 4,800 ವ್ಯಾಟ್ ಪ್ಯಾನೆಲ್ ಬೇಕು, ಈಗಿನ 540 ವ್ಯಾಟಿನವಾದರೆ ಒಂಬತ್ತು ಪ್ಯಾನೆಲ್. ಟ್ಯಾಂಕ್ ಪಕ್ಕದ ಪಂಚಾಯಿತಿ ಜಾಗದಲ್ಲೇ ಹಿಡಿಸುತ್ತದೆ. ನೀರಗಂಟಿ ಅಣ್ಣ ತ್ರೀ ಫೇಸ್ ಬರುವ ಹೊತ್ತು ಕಾಯುತ್ತಾ ರಾತ್ರಿ ಎರಡಕ್ಕೆ ಎದ್ದು ಟಾರ್ಚ್ ಹಿಡಿದು ಹೋಗುತ್ತಾನಲ್ಲ, ಅದೂ ತಪ್ಪುತ್ತದೆ. ಹೋದ ವರ್ಷ ಸ್ಟಾರ್ಟರ್ ಡಬ್ಬಿಯೊಳಗೆ ನಾಗರಹಾವು ಕೂತಿತ್ತು ಅಂತ ಅವನು ಹೇಳಿದ್ದು ನಿಮಗೂ ನೆನಪಿರಬೇಕು. 2023ರ ಬರದಲ್ಲಿ ಜಲಾಶಯ ಬತ್ತಿ ಕರೆಂಟ್ ಕಡಿತ ಆದಾಗ ನೀರಿಗೆ ಪಟ್ಟ ಪಾಡೂ ನೆನಪು ಮಾಡಿಕೊಳ್ಳಿ. ಮಳೆ ಕೈಕೊಟ್ಟ ವರ್ಷ ಬಿಸಿಲಂತೂ ಕೈಕೊಡಲ್ಲ.

ಪಂಚಾಯಿತಿ ಆಫೀಸಿನ ತಾರಸಿ ಮೇಲೆ 5 ಕಿಲೋವ್ಯಾಟ್ ಹಾಕಿ ಲೈನಿಗೆ ಜೋಡಿಸಿದರೆ ಅದು ಬೇರೆ ಲೆಕ್ಕ. ಒಂದು ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಅಂದರೆ, ದಿನಕ್ಕೆ 20, ತಿಂಗಳಿಗೆ 600 ಯೂನಿಟ್. ನಾವು ಬಳಸಿ ಮಿಕ್ಕಿದ್ದು ಲೈನಿಗೆ ಹೋಗುತ್ತದೆ, ಎರಡೂ ಕಡೆ ತಿರುಗುವ ಮೀಟರ್ ಲೆಕ್ಕ ಇಡುತ್ತದೆ. ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ಕರೆಂಟ್ ಮಾಡಲು ಅರ್ಧ ಕಿಲೋಗಿಂತ ಜಾಸ್ತಿ ಕಲ್ಲಿದ್ದಲು ಸುಡಬೇಕು. ನಮ್ಮ ಒಂದು ತಾರಸಿಯಿಂದಲೇ ತಿಂಗಳಿಗೆ ಮೂರು ಕ್ವಿಂಟಲ್ ಮೀರಿ ಉಳಿಯಿತು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಲೈನಿಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ, ಸುಡುಬಿಸಿಲು ಇದ್ದರೂ. ಪ್ಯಾನೆಲ್ ಕರೆಂಟನ್ನು ಲೈನಿಗೆ ಹೊಂದಿಸಿ ಕೊಡುವ ಇನ್ವರ್ಟರನ್ನು ಬೇಕೆಂದೇ ಹಾಗೆ ಮಾಡಿರುತ್ತಾರೆ. ಲೈನ್ ಆಫ್ ಇದೆ ಅಂತ ನಂಬಿ ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ, ನಮ್ಮ ತಾರಸಿಯಿಂದ ಕರೆಂಟ್ ಹರಿದರೆ ಅವನ ಗತಿ ಏನು? ಕರೆಂಟ್ ಹೋದಾಗಲೂ ಬೇಕು ಅಂದರೆ ಬ್ಯಾಟರಿ ಇರುವ ಬೇರೆ ಥರದ್ದು ಹಾಕಬೇಕು, ದುಡ್ಡೂ ಜಾಸ್ತಿ.

ಮನೆಗೆ ಹಾಕಿಸಬೇಕಾ ಅಂತ ಕೇಳುವವರಿಗೂ ಇಲ್ಲೇ ಹೇಳುತ್ತೇನೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿವರೆಗೆ ಸಬ್ಸಿಡಿ ಇಟ್ಟಿದ್ದಾರೆ. ತಿಂಗಳಿಗೆ ಅರವತ್ತು ಎಪ್ಪತ್ತು ಯೂನಿಟ್ ಬಳಸುವ ಮನೆಗೆ ಗೃಹಜ್ಯೋತಿಯಲ್ಲೇ ಬಿಲ್ ಸೊನ್ನೆ ಬರುತ್ತಿರುವಾಗ, ಸಾಲ ಮಾಡಿ ಪ್ಯಾನೆಲ್ ಹಾಕಿ ಅಂತ ನಾನು ಹೇಳಲ್ಲ. ಹಿಟ್ಟಿನ ಗಿರಣಿ, ಹಾಲಿನ ಡೇರಿ, ಕೋಲ್ಡ್ ಡ್ರಿಂಕ್ಸ್ ಅಂಗಡಿ ಇಟ್ಟವರು ಮಾತ್ರ ಒಂದು ಸಲ ಕೂತು ಲೆಕ್ಕ ಹಾಕಿ. ನಿಮ್ಮ ಮೀಟರ್ ಮನೆ ಲೆಕ್ಕದ್ದಲ್ಲ, ಹಾಗಾಗಿ ಈ ಸಬ್ಸಿಡಿ ನಿಮಗೆ ಬರಲ್ಲ. ಆದರೆ ನಿಮ್ಮ ಕೆಲಸವೆಲ್ಲ ಹಗಲೇ ನಡೆಯುತ್ತದೆ, ಬಿಸಿಲು ಬರುವುದೂ ಹಗಲೇ.

ಹರಾಜಿನ ವಿಷಯಕ್ಕೆ ಕೊನೆಯದಾಗಿ. ಗುಜರಿಯವನಿಗೆ ಬೇಕಿರುವುದು ಪ್ಯಾನೆಲ್ ಸುತ್ತಲಿನ ಅಲ್ಯೂಮಿನಿಯಂ ಪಟ್ಟಿ, ಒಳಗಿನ ಒಂದಿಷ್ಟು ತಾಮ್ರ. ಅದನ್ನು ಕಿತ್ತುಕೊಂಡು ಗಾಜು, ಪ್ಲಾಸ್ಟಿಕ್ಕು, ಸೀಸ ಇರುವ ಬೆಸುಗೆ ಎಲ್ಲ ಕೆರೆ ಅಂಗಳದಲ್ಲಿ ಸುರಿದು ಹೋಗುತ್ತಾನೆ. ಅಲ್ಲಿ ನಮ್ಮ ದನ ಮೇಯುತ್ತವೆ. 2022ರ ಇ-ತ್ಯಾಜ್ಯ ನಿಯಮದಲ್ಲಿ ಸೋಲಾರ್ ಪ್ಯಾನೆಲ್ಲೂ ಸೇರಿದೆ, 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸತ್ತ ಬ್ಯಾಟರಿಗೂ ಬೇರೆ ನಿಯಮ ಇದೆ. ಹಾಗಾಗಿ ಕುರ್ಚಿ, ಪೈಪಿನ ಜೊತೆ ಇದನ್ನು ಹರಾಜು ಹಾಕಲು ಬರುತ್ತದಾ ಅಂತ ಪಿಡಿಓ ಸಾಹೇಬರು ಒಮ್ಮೆ ನೋಡಿದರೆ ಒಳ್ಳೆಯದು.

ಬರುವ ಸಾಮಾನ್ಯ ಸಭೆಯಲ್ಲಿ ಆ ಒಂದು ಸಾಲನ್ನು ನೋಟಿಸ್‌ನಿಂದ ತೆಗೆದು ನಡಾವಳಿಯಲ್ಲಿ ಬರೆಸಿ. 22 ಪ್ಯಾನೆಲ್‌ಗಳನ್ನೂ ನಾನು ಕೂಲಿ ಇಲ್ಲದೆ ಅಳೆದು ಕೊಡುತ್ತೇನೆ, ಒಂದು ಭಾನುವಾರ ಸಾಕು. ಎರಡೋ ಮೂರೋ ನಿಜವಾಗಿಯೂ ಹೋಗಿರಬಹುದು, ಕಲ್ಲೇಟಿಗೆ ಗಾಜು ಒಡೆದದ್ದು ಒಂದು ನನಗೇ ಗೊತ್ತು. ಉಳಿದವಕ್ಕೆ ಬ್ಯಾಟರಿ, ಎಲ್‌ಇಡಿ, ಕಂಟ್ರೋಲರ್ ಅಂತ ಬರುವ ಕ್ರಿಯಾ ಯೋಜನೆಯಲ್ಲಿ ಒಂದಿಷ್ಟು ಇಡಿ, ಒಂದೇ ಸಲ ಆಗದಿದ್ದರೆ ಈ ವರ್ಷ ಹತ್ತು, ಮುಂದಿನ ವರ್ಷ ಹತ್ತು. ತಿಂಗಳಿಗೊಂದು ಸಲ ತೊಳೆಯುವ ಕೆಲಸ ನೀರಗಂಟಿ ಅಣ್ಣನಿಗೆ ಕೊಡಿ, ಆದರೆ ಪುಕ್ಕಟೆ ಬೇಡ, ಅದಕ್ಕೆ ಬೇರೆ ದುಡ್ಡು ಕೊಡಿ. ಬೆಳಿಗ್ಗೆ ಬೇಗ ಅಥವಾ ಸಂಜೆ ತೊಳೆಯಬೇಕು, ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಗುಡಿ ಮುಂದಿನ ಆ ಪ್ಯಾನೆಲ್ಲನ್ನು ಈಗ ಅಂಗಡಿ ಮುಂದೆ ಬಿಸಿಲಿಗೆ ಒರಗಿಸಿಟ್ಟಿದ್ದೇನೆ. ಬ್ಯಾಟರಿ ಇಲ್ಲದೆ ನೇರವಾಗಿ ಒಂದು 12 ವೋಲ್ಟಿನ ಫ್ಯಾನ್ ಕಟ್ಟಿದ್ದೇನೆ. ಮೋಡ ಬಂದರೆ ನಿಧಾನ ಆಗುತ್ತದೆ, ಮೋಡ ಸರಿದರೆ ಜೋರಾಗುತ್ತದೆ. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಕೈ ಅಡ್ಡ ಹಿಡಿದು ಫ್ಯಾನ್ ನಿಲ್ಲಿಸಿ, ಕೈ ತೆಗೆದು ತಿರುಗಿಸಿ ಆಟ ಆಡುತ್ತಿದ್ದಾರೆ. ಅಧ್ಯಕ್ಷರೂ ಸದಸ್ಯರೂ ಹರಾಜಿನ ದಿನಕ್ಕೆ ಮುಂಚೆ ಒಂದು ಮಧ್ಯಾಹ್ನ ಈ ಕಡೆ ಬನ್ನಿ. ಚಹಾ ನನ್ನ ಲೆಕ್ಕ.

ಇಂತಿ,
ಬಸ್ ಸ್ಟ್ಯಾಂಡಿನ ಮೋಟರ್ ರಿವೈಂಡಿಂಗ್ ಅಂಗಡಿಯವನು